ಹಗುರ ಗುಂಡಿಗೊಂದು ಬಿಗಿ ಹಿಡಿತ

ಮದುವೆಗೆ ಮುಂಚೆ ಹುಡುಗಿಯ ಮನೆಗೆ ಮೊದಲ ಸಲ ಹೋದಾಗ, "ಏನು ಕೆಲಸದಲ್ಲಿದ್ದೀರಿ?" ಎಂದು ಅವಳ ಅಪ್ಪ ಕೇಳಿದ್ದಕ್ಕೆ ಇಕ್ಕಳಣ್ಣ ಪ್ರಾಮಾಣಿಕವಾಗಿ, "ಬೆಳಗ್ಗೆಯಿಂದ ಸಂಜೆವರೆಗೆ ಗುಂಡು ಹಾಕೋದು, ಅದಕ್ಕೇ ಸಂಬಳ" ಎಂದುಬಿಟ್ಟಿದ್ದ. ಮಾವನಾಗಬೇಕಾದವರು ಎದ್ದು ಹೋಗಿ ಬೀದಿಬಾಗಿಲು ತೆರೆದು ಹಿಡಿದುಕೊಂಡರು. ಹುಡುಗಿಯೇ ನಡುವೆ ಬಂದು, "ಕುಡಿಯೋ ಗುಂಡಲ್ಲಪ್ಪ, ಹಾರೋ ಗುಂಡು" ಎಂದು ಬಾಗಿಲನ್ನೂ ಸಂಬಂಧವನ್ನೂ ಒಟ್ಟಿಗೆ ಭದ್ರಮಾಡಿದಳು. ಆಮೇಲೆ ಸಂಸಾರ ಹೂಡಿ, ಮಗಳನ್ನು ಓದಿಸಿ, ಅವಳ ಮದುವೆ ಮಾಡಿ ಕಳಿಸಿ, ತಲೆಯ ಮೇಲಿನ ಕೂದಲನ್ನೂ ಹೆಚ್ಚುಕಡಿಮೆ ಕಳಿಸಿಕೊಟ್ಟ ಮೇಲೂ ಅವನ ಕೆಲಸ ಬದಲಾಗಿರಲಿಲ್ಲ. ತೋಟಾ ತಯಾರಿಸುವ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಅವನು ಪಿಸ್ತೂಲು ಹಿಡಿಯುವವನು. ಹೊಸ ತೋಟಾ ಯಾವುದೇ ಬರಲಿ, ಪೆಟ್ಟಿಗೆಗೆ ತುಂಬಿ ಹೊರಗೆ ಕಳಿಸುವ ಮುಂಚೆ ಅವನ ಕೈಯಿಂದ ಹಾರಬೇಕು.

ಇಕ್ಕಳ ಎಂಬ ಹೆಸರು ಬಂದದ್ದೂ ಆ ಕೈಯಿಂದಲೇ. ಅಗಲವಾದ ಅಂಗೈ, ಗಿಡ್ಡ ಬೆರಳು, ಮೊಳಕೈಗಿಂತ ಸ್ವಲ್ಪವೇ ಸಣ್ಣದಾದ ಮಣಿಕಟ್ಟು. ಅವನು ಕೈಕುಲುಕಿದರೆ ಎದುರಿನವರು ಆಮೇಲೆ ಬೆರಳು ಎಣಿಸಿಕೊಳ್ಳುತ್ತಿದ್ದರು. ಪಿಸ್ತೂಲು ಆ ಮುಷ್ಟಿಯೊಳಗೆ ಹೋದರೆ ಗೋಡೆಗೆ ಹೊಡೆದ ಗೂಟದ ಹಾಗೆ ಕೂರುತ್ತಿತ್ತು. ಗುಂಡು ಹಾರಿದಾಗ ನಳಿಕೆಯ ತುದಿ ಒಂದಿಷ್ಟು ಮೇಲೆದ್ದು, ತಪ್ಪು ಮಾಡಿದವರ ಹಾಗೆ ತಕ್ಷಣ ತಿರುಗಿ ಅದೇ ಜಾಗಕ್ಕೆ ಬರುತ್ತಿತ್ತು. ತರಬೇತಿಗೆ ಬಂದ ಹೊಸಬರಿಗೆ ಅವನು ಹೇಳುತ್ತಿದ್ದ ಪಾಠ ಒಂದೇ: "ಬಿಗಿಯಾಗಿ ಹಿಡೀರಿ. ಇನ್ನೂ ಬಿಗಿ. ಬಸ್ಸಲ್ಲಿ ನಿಂತುಕೊಂಡು ಮೇಲಿನ ಕಂಬಿ ಹಿಡೀತೀರಲ್ಲ, ಹಾಗೆ."

ಅವನು ಕೆಲಸ ಮಾಡುತ್ತಿದ್ದ ಕೋಣೆ ಉದ್ದಕ್ಕೆ ಇತ್ತು, ಅಗಲಕ್ಕೆ ಇರಲಿಲ್ಲ. ಕಿಟಕಿ ಇಲ್ಲ. ಗೋಡೆಗೆಲ್ಲ ಕರಿ ರಬ್ಬರಿನ ಹಾಳೆ, ಆ ತುದಿಯಲ್ಲಿ ಗುಂಡು ನುಂಗಲು ಉಕ್ಕಿನ ದೊಡ್ಡ ಬಾಯಿ, ಈ ತುದಿಯಲ್ಲಿ ಎದೆಯೆತ್ತರದ ಒಂದು ಬೆಂಚು. ಸುಟ್ಟ ಮದ್ದಿನ ವಾಸನೆಯನ್ನು ಹೊರಗೆ ಹಾಕಲೆಂದು ಇಟ್ಟ ಫ್ಯಾನು ಅದನ್ನು ಕೋಣೆಯಲ್ಲೇ ಸಮನಾಗಿ ಹಂಚುತ್ತಿತ್ತು. ಪಕ್ಕದ ಜಾಲರಿಯೊಳಗೆ ಪಿಸ್ತೂಲುಗಳನ್ನು ಬಿಚ್ಚಿ, ಒರೆಸಿ, ಜೋಡಿಸುವ ಮೆಕ್ಯಾನಿಕ್ ಕೂರುತ್ತಿದ್ದ. ಅವನನ್ನು ಎಲ್ಲರೂ ಎಣ್ಣೆ ಎನ್ನುತ್ತಿದ್ದರು. ಎಣ್ಣೆ ಎಂದರೆ ಅವನು ಕುಡಿಯುತ್ತಿದ್ದದ್ದಲ್ಲ, ಪಿಸ್ತೂಲುಗಳಿಗೆ ಕುಡಿಸುತ್ತಿದ್ದದ್ದು. ಇಕ್ಕಳಣ್ಣನೂ ಎಣ್ಣೆಯೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಇಬ್ಬರಿಗೂ ನಿವೃತ್ತಿಯ ವಯಸ್ಸು ದಾಟಿತ್ತು. ವರ್ಷ ವರ್ಷ ಕರಾರಿನ ಮೇಲೆ ಮುಂದುವರಿಸುತ್ತಿದ್ದರು.

ಆ ಕರಾರಿನ ಮೇಲೆ ಈಚೆಗೆ ಮ್ಯಾನೇಜರರ ಕಣ್ಣು ಬಿದ್ದಿತ್ತು. ಪಿಸ್ತೂಲನ್ನು ಹಿಡಿದುಕೊಂಡು ತಾನೇ ಅದರ ಕುದುರೆ, ಅಂದರೆ ಟ್ರಿಗರ್, ಎಳೆಯುವ ಒಂದು ಯಂತ್ರ ಬಂದಿದೆಯಂತೆ. ಅದರ ಬಣ್ಣದ ಕರಪತ್ರ ಅವರ ಮೇಜಿನ ಮೇಲಿತ್ತು. ಒಂದು ಮಧ್ಯಾಹ್ನ ಅವರೇ ಅದನ್ನು ತೋರಿಸಿ, "ನೋಡಿ ಇಕ್ಕಳಣ್ಣ, ನಿಮ್ಮ ತಮ್ಮ" ಎಂದಿದ್ದರು.

"ತಮ್ಮ ಚಹಾ ಕುಡೀತಾನಾ ಸಾರ್?"

"ಇಲ್ಲ. ರಜೆನೂ ಕೇಳಲ್ಲ."

"ಹಾಗಾದ್ರೆ ನಮ್ಮ ವಂಶದವನಲ್ಲ ಬಿಡಿ."

ಇಬ್ಬರೂ ನಕ್ಕರು. ಮ್ಯಾನೇಜರು ನಕ್ಕ ಮೇಲೆ ಕರಪತ್ರವನ್ನು ಕಸದ ಬುಟ್ಟಿಗೆ ಹಾಕದೆ ಡ್ರಾಯರಿಗೆ ಹಾಕಿದ್ದನ್ನು ಇಕ್ಕಳಣ್ಣ ನೋಡಿದ. ಕೈ ಗಟ್ಟಿಯಿರುವವರೆಗೆ ತಾನು, ಅಲ್ಲಾಡಿದ ದಿನ ತಮ್ಮ. ಇಷ್ಟು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮನೆಯಲ್ಲಿ ಕೂತು ಏನು ಮಾಡುವುದು ಎಂದು ಒಮ್ಮೆ ಯೋಚಿಸಿ ನೋಡಿದ್ದ. ಯೋಚನೆ ಊಟದ ಹೊತ್ತಿನವರೆಗೂ ಸಾಲಲಿಲ್ಲ.

ಹೀಗಿರುವಾಗ ಹಗುರ ಗುಂಡು ಬಂತು. ಅದನ್ನು ರೂಪಿಸಿದವಳು ವಿನ್ಯಾಸ ವಿಭಾಗದ ಇಂಜಿನಿಯರಮ್ಮ. ಮಗಳ ವಯಸ್ಸಿನವಳು, ಯಾವಾಗಲೂ ಕಿವಿಯ ಮೇಲೊಂದು ಪೆನ್ಸಿಲು, ಕೈಯಲ್ಲಿ ಇನ್ನೊಂದು, ಮೂರನೆಯದನ್ನು ಹುಡುಕುತ್ತಿರುವವಳು. ಹಳೆಯ ಗುಂಡಿನ ಹೊಟ್ಟೆಯಲ್ಲಿ ಸೀಸ. ಇದು ಅಪ್ಪಟ ತಾಮ್ರ, ಮೂಗಿನಲ್ಲಿ ಒಂದು ಗುಳಿ. ಅಂಗೈಯಲ್ಲಿಟ್ಟರೆ ಇದೆಯೋ ಇಲ್ಲವೋ ಎನ್ನುವಷ್ಟು ಹಗುರ. ಬೇಡಿಕೆ ಬಂದದ್ದು ಒಂದು ದೊಡ್ಡ ಕಾವಲು ಸಂಸ್ಥೆಯಿಂದ: ಬ್ಯಾಂಕು, ಗೋದಾಮು, ಆಸ್ಪತ್ರೆಗಳ ಬಾಗಿಲಲ್ಲಿ ನಿಲ್ಲುವವರಿಗೆ. ಅವರ ಸೊಂಟದ ಪಿಸ್ತೂಲು ಹಳೆಯದೇ ಇರಲಿ, ತೋಟಾ ಮಾತ್ರ ಕೈಯನ್ನು ಕಡಿಮೆ ಒದೆಯಲಿ, ಹೊಡೆದ ಗುಂಡು ಗೋಡೆ ತೂರಿ ಆಚೆ ಕೋಣೆಯವರ ಯೋಗಕ್ಷೇಮ ವಿಚಾರಿಸಲು ಹೋಗದಿರಲಿ, ಇಷ್ಟು ಅವರ ಷರತ್ತು.

ಮೊದಲ ಪರೀಕ್ಷೆಗಳೆಲ್ಲ ಮದುವೆಮನೆಯ ಹಾಗೆ ನಡೆದವು. ಜೆಲಾಟಿನ್ ಪುಡಿಯನ್ನು ನೀರಿನಲ್ಲಿ ಕರಗಿಸಿ, ಅಚ್ಚಿಗೆ ಹೊಯ್ದು, ಶೀತಲ ಪೆಟ್ಟಿಗೆಯಲ್ಲಿ ಗಟ್ಟಿಮಾಡಿದ ದಿಮ್ಮಿಗಳನ್ನು ಬೆಂಚಿನ ಎದುರು ಸಾಲಾಗಿ ಇಟ್ಟರು. ಮನುಷ್ಯನ ಮಾಂಸದ ಬದಲಿಗೆ ಅದು. ಅಲುಗಾಡಿಸಿದರೆ ಮ್ಯಾನೇಜರರ ಹೊಟ್ಟೆಯ ಹಾಗೆ ಅಲ್ಲಾಡುತ್ತದೆ ಎಂದು ಎಣ್ಣೆ ಹೇಳಿದ್ದ, ಮ್ಯಾನೇಜರು ಇಲ್ಲದಾಗ. ದಿಮ್ಮಿಗೆ ದಪ್ಪ ಬಟ್ಟೆಯ ಪದರ ಹೊದಿಸಿಯೂ ಹೊಡೆದರು, ಹೊದಿಸದೆಯೂ ಹೊಡೆದರು. ಗುಂಡು ಒಳಹೊಕ್ಕು, ಮೂಗು ಹೂವಿನ ಹಾಗೆ ಅರಳಿ, ನಿಲ್ಲಬೇಕಾದ ಕಡೆ ನಿಂತಿತು. ಇಂಜಿನಿಯರಮ್ಮ ಜೆಲಾಟಿನ್ ಕೊಯ್ದು ಗುಂಡನ್ನು ಚಿಮುಟದಿಂದ ತೆಗೆದು, ತೊಳೆದು, ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಅಂಥ ಹೊತ್ತಿನಲ್ಲಿ ಅವಳ ಮುಖ ನೋಡಿದರೆ ಇಕ್ಕಳಣ್ಣನಿಗೆ, ಪರೀಕ್ಷೆಯಲ್ಲಿ ಮೊದಲಿಗಳಾಗಿ ಬಂದ ಮಗಳು ನೆನಪಾಗುತ್ತಿದ್ದಳು.

ಕೊನೆಯದು ಪಿಸ್ತೂಲು ಸರಾಗವಾಗಿ ಓಡುತ್ತದೆಯೇ ಎಂಬ ಪರೀಕ್ಷೆ. ಗುಂಡು ಮುಂದಕ್ಕೆ ಹಾರುವಾಗ ಪಿಸ್ತೂಲಿನ ಮೇಲಿನ ಉಕ್ಕಿನ ಸ್ಲೈಡ್ ಹಿಂದಕ್ಕೆ ಜಾರುತ್ತದೆ. ಗುಂಡು ಹೋದ ಮೇಲೆ ಉಳಿದ ಹಿತ್ತಾಳೆಯ ಖಾಲಿ ಕೇಸನ್ನು ಪಕ್ಕಕ್ಕೆ ಎಸೆಯುತ್ತದೆ. ಸ್ಪ್ರಿಂಗಿನ ಬಲದಿಂದ ಮುಂದೆ ಬರುತ್ತಾ ಹೊಸ ತೋಟಾ ಎತ್ತಿಕೊಳ್ಳುತ್ತದೆ. ಸ್ಲೈಡ್ ಪೂರ್ತಿ ಹಿಂದಕ್ಕೆ ಹೋಗದಿದ್ದರೆ ಖಾಲಿ ಕೇಸು ಹೊರಗೆ ಹಾರಲಾಗದೆ ಬಾಗಿಲಲ್ಲೇ ಸಿಕ್ಕಿ, ಮನೆಮಾಡಿನ ಚಿಮಣಿಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಚಿಮಣಿ ಎಂದೇ ಆ ಕೋಣೆಯಲ್ಲಿ ಅದಕ್ಕೆ ಹೆಸರು. ಚಿಮಣಿ ನಿಂತಿತೆಂದರೆ ಪಿಸ್ತೂಲಿನ ಕೆಲಸ ನಿಂತಿತು. ಇಕ್ಕಳಣ್ಣ ಪೆಟ್ಟಿಗೆಗಟ್ಟಲೆ ಹೊಡೆದ. ಖಾಲಿ ಕೇಸುಗಳು ಒಂದರ ಹಿಂದೊಂದು ನೆಲಕ್ಕೆ ಬಿದ್ದು ಟಿಣ್ ಎಂದವು. ಒಂದು ಚಿಮಣಿಯೂ ಏಳಲಿಲ್ಲ. ಇನ್ನು ಉಳಿದದ್ದು, ಯಂತ್ರಸಾಲಿನಲ್ಲಿ ತಯಾರಾದ ಮೊದಲ ಕಂತನ್ನು ಇದೇ ರೀತಿ ಹೊಡೆದು ನೋಡಿ, ಕಾವಲು ಸಂಸ್ಥೆಯವರ ಎದುರು ಒಮ್ಮೆ ತೋರಿಸುವುದು.

ಆ ಕಂತು ಬರುವ ಹಿಂದಿನ ಭಾನುವಾರ ಮೇಲಿನ ಮನೆಯ ಹೆಂಗಸು ಒಂದು ಜಾಮ್ ಬಾಟಲಿ ಹಿಡಿದುಕೊಂಡು ಬಂದಳು.

ಇದು ಹೊಸದೇನಲ್ಲ. ಆ ಕಟ್ಟಡದಲ್ಲಿ ತೆರೆಯದ ಮುಚ್ಚಳ, ತಿರುಗದ ನಲ್ಲಿ, ಬಿಡಿಸಲಾರದ ಗಂಟು ಎಲ್ಲ ಇಕ್ಕಳಣ್ಣನ ಬಾಗಿಲಿಗೇ ಬರುತ್ತಿದ್ದವು. ಅವನು ಪೇಪರಿನಿಂದ ತಲೆ ಎತ್ತದೆ ಬಾಟಲಿ ಇಸಿದುಕೊಂಡು, ಅಭ್ಯಾಸಬಲದಿಂದ ಒಂದೇ ತಿರುವು ಕೊಟ್ಟ. ಮುಚ್ಚಳ ತಿರುಗಲಿಲ್ಲ. ಮಣಿಕಟ್ಟಿನಲ್ಲಿ ಏನೋ ಕಳಕ್ಕೆಂದಿತು.

"ತೆಗೀತಾ?" ಎಂದಳು ಹೆಂಡತಿ ಅಡುಗೆಮನೆಯಿಂದ.

"ತೆಗೀತು" ಎಂದ. ತೆಗೆದದ್ದು ಯಾವುದು ಎಂದು ಹೇಳಲಿಲ್ಲ.

ಮೇಲಿನ ಮನೆಯವಳು ಬಾಟಲಿಯನ್ನು ವಾಪಸು ತೆಗೆದುಕೊಂಡು, ಸುಮ್ಮನೆ ತಿರುಗಿಸಿ ನೋಡಿದಳು. ಮುಚ್ಚಳ ಬಿಚ್ಚಿಕೊಂಡಿತು. "ನೀವು ಸಡಿಲ ಮಾಡಿಬಿಟ್ಟಿದ್ದೀರಿ" ಎಂದು ಸೌಜನ್ಯದಿಂದ ಹೇಳಿ ಹೋದಳು. ಸೌಜನ್ಯ ಮಣಿಕಟ್ಟಿಗಿಂತ ಹೆಚ್ಚು ನೋಯಿಸಿತು.

ರಾತ್ರಿಯೊಳಗೆ ಕೈ ಊದಿಕೊಂಡಿತು. ಹೆಂಡತಿ ಬಿಸಿನೀರಿನ ಬಟ್ಟೆ ಸುತ್ತುತ್ತಾ, "ನಾಳೆ ರಜೆ ಹಾಕಿ, ಡಾಕ್ಟರ ಹತ್ರ ಹೋಗಿ" ಎಂದಳು.

"ಡಾಕ್ಟರು ಚೀಟಿ ಕೊಡ್ತಾರೆ. ಚೀಟಿ ಮ್ಯಾನೇಜರ ಹತ್ರ ಹೋಗುತ್ತೆ. ಅವರ ಡ್ರಾಯರಲ್ಲಿ ನನ್ನ ತಮ್ಮ ಮಲಗಿದಾನೆ, ಎದ್ದು ಕೂರ್ತಾನೆ."

"ತಮ್ಮನೇ ಹಿಡ್ಕೊಳ್ಳಲಿ ಬಿಡಿ ಪಿಸ್ತೂಲು. ನಿಮಗೇನು ಪಿಸ್ತೂಲೇ ಮೊದಲ ಹೆಂಡತಿನಾ?"

"ಅದು ಮಾತಾಡಲ್ಲ" ಎಂದ ಇಕ್ಕಳಣ್ಣ. ಬಟ್ಟೆ ಇದ್ದಕ್ಕಿದ್ದಂತೆ ಸ್ವಲ್ಪ ಜಾಸ್ತಿಯೇ ಬಿಗಿಯಾಯಿತು.

ಸೋಮವಾರ ಅವನು ತುಂಬುತೋಳಿನ ಅಂಗಿ ಹಾಕಿಕೊಂಡು ಕೆಲಸಕ್ಕೆ ಹೋದ. ಚಹಾ ಎಡಗೈಯಲ್ಲಿ ಕುಡಿದ. ಲೆಕ್ಕದ ವಿಭಾಗದವನೊಬ್ಬ ಕೈಚಾಚಿದರೆ ಕುಲುಕದೆ ಬೆನ್ನು ತಟ್ಟಿ ಮುಂದೆ ಹೋದ. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಬೆರಳು ಉಳಿದದ್ದಕ್ಕೆ ಆ ಲೆಕ್ಕದವನಿಗೂ ಸಂತೋಷವಾಯಿತು. ಬೆಂಚಿನ ಮುಂದೆ ನಿಂತು ಪಿಸ್ತೂಲು ಎತ್ತಿದಾಗ ಮುಷ್ಟಿ ಎಂದಿನಂತೆಯೇ ಬಿಗಿದುಕೊಂಡಿತು. ಬೆರಳಿಗೇನೂ ಆಗಿರಲಿಲ್ಲ. ಮಣಿಕಟ್ಟು ಮಾತ್ರ, ಕೀಲು ಸಡಿಲವಾದ ಬಾಗಿಲಿನ ಹಾಗೆ, ಹೇಳಿದ ಕಡೆ ನಿಲ್ಲುತ್ತಿರಲಿಲ್ಲ.

ತೋಟಾ ತುಂಬಿದ ಮೊದಲ ಮ್ಯಾಗಝಿನ್ ಸರಿಹೋಯಿತು. ಎರಡನೆಯದರ ನಡುವೆ ಪಿಸ್ತೂಲು ನಿಂತಿತು. ನೋಡಿದರೆ ಮೇಲೆ ಹಿತ್ತಾಳೆಯ ಚಿಮಣಿ ಹೊಳೆಯುತ್ತಿದೆ.

ಇಂಜಿನಿಯರಮ್ಮ ಕಿವಿಯ ಗವಸು ತೆಗೆದಳು. ಎಣ್ಣೆ ಜಾಲರಿಯಿಂದ ಎದ್ದು ಬಂದ. ಇಕ್ಕಳಣ್ಣನ ಕೈಯಲ್ಲಿ ಚಿಮಣಿ ಎಂದರೆ ಗಡಿಯಾರ ಹಿಂದಕ್ಕೆ ತಿರುಗಿದ ಹಾಗೆ. 

"ಪಿಸ್ತೂಲು ಬದಲಾಯಿಸೋಣ" ಎಂದಳು ಇಂಜಿನಿಯರಮ್ಮ.

ಬದಲಾಯಿಸಿದರು. ಮತ್ತೆ ಚಿಮಣಿ. ಮೂರನೆಯ ಪಿಸ್ತೂಲು, ಅದರಲ್ಲೂ ಚಿಮಣಿ. ಎಣ್ಣೆಯ ಮುಖ ಕೆಂಪಾಯಿತು.

"ನನ್ನ ಪಿಸ್ತೂಲಲ್ಲಿ ಏನೂ ಇಲ್ಲ ಮೇಡಂ. ಬೆಳಗ್ಗೆ ನಾನೇ ಒರೆಸಿದೀನಿ. ಬೇಕಾದ್ರೆ ಇದರಲ್ಲಿ ಅನ್ನ ಹಾಕ್ಕೊಂಡು ತಿನ್ನಬಹುದು."

"ನಿಮ್ಮದು ಅಂತ ನಾನೆಲ್ಲಿ ಹೇಳಿದೆ?"

"ಹೇಳಲಿಲ್ಲ. ನೋಡಿದ್ರಿ."

ತಪ್ಪು ಪಿಸ್ತೂಲಿನದ್ದಲ್ಲ ಎಂದಾದರೆ ತೋಟಾದ್ದು. ಇಂಜಿನಿಯರಮ್ಮ ಒಂದಿಷ್ಟು ತೋಟಾಗಳನ್ನು ಬಿಚ್ಚಿ ಗುಂಡನ್ನೂ ಮದ್ದನ್ನೂ ತೂಗಿಸಿದಳು. ತೂಕ ಸರಿಯಿತ್ತು. ಮರುದಿನ ಮೊದಲ ಪರೀಕ್ಷೆಗಳಿಂದ ಉಳಿದಿದ್ದ ಹಗುರ ತೋಟಾ ತರಿಸಿ ಇಕ್ಕಳಣ್ಣನ ಕೈಗೆ ಕೊಟ್ಟಳು. ಹಿಂದೆ ಸರಾಗವಾಗಿ ಹಾರಿದ್ದ ತೋಟಾ ಅದು. ಅದೂ ಚಿಮಣಿ ಎಬ್ಬಿಸಿತು. ಅವಳ ಕಿವಿಯ ಪೆನ್ಸಿಲು ಕೆಳಗೆ ಬಿತ್ತು, ಎತ್ತಿಕೊಳ್ಳಲಿಲ್ಲ.

ಇಕ್ಕಳಣ್ಣನಿಗೆ ಎಲ್ಲ ಗೊತ್ತಿತ್ತು. ಮೊದಲ ಚಿಮಣಿ ನಿಂತಾಗಲೇ ಗೊತ್ತಾಗಿತ್ತು. ಮೇಜಿನ ಖಾನೆ ಎಳೆಯುವಾಗ ಮೇಜು ಗಟ್ಟಿಯಾಗಿ ನಿಂತಿರಬೇಕು; ಖಾನೆಯ ಜೊತೆ ಮೇಜೂ ಹೊರಟು ಬಂದರೆ ಖಾನೆ ತೆರೆಯುವುದೆಲ್ಲಿಂದ? ಸ್ಲೈಡ್ ಹಿಂದಕ್ಕೆ ಹೋಗುವಾಗ ಅವನ ಮಣಿಕಟ್ಟೂ ಜೊತೆಗೇ ಹಿಂದಕ್ಕೆ ಬಾಗುತ್ತಿತ್ತು. ಭಾರದ ಗುಂಡಾಗಿದ್ದರೆ ಅದರ ಒದೆತಕ್ಕೆ ಹೇಗೋ ಸಾಗಿಹೋಗುತ್ತಿತ್ತು. ಈ ಗುಂಡು ಒದೆಯುವುದಿಲ್ಲವಲ್ಲ, ಅದೇ ಇದರ ಗುಣ.

ಹೇಳಿಬಿಡಬಹುದಿತ್ತು. ಬಾಯಿ ತೆರೆದಾಗಲೆಲ್ಲ ಆ ಡ್ರಾಯರು ತೆರೆದ ಹಾಗೆ ಕಾಣುತ್ತಿತ್ತು. ಆದ್ದರಿಂದ ಆ ದಿನವೆಲ್ಲ ಅವನು, "ಏನೋಪ್ಪ, ವಿಚಿತ್ರ" ಎಂದು ಎಲ್ಲರಿಗಿಂತ ಜೋರಾಗಿ ಹೇಳಿಕೊಂಡು ಓಡಾಡಿದ.

ಬುಧವಾರ ಬೆಳಗ್ಗೆ ಮಣಿಕಟ್ಟಿಗೆ ದಪ್ಪ ಪಟ್ಟಿ ಸುತ್ತಿ, ಮೇಲೆ ತೋಳು ಇಳಿಬಿಟ್ಟು, ಹಲ್ಲುಕಚ್ಚಿ ಹೊಡೆದ. ಸ್ವಲ್ಪ ಹೊತ್ತು ಪಿಸ್ತೂಲು ಹೇಳಿದ ಮಾತು ಕೇಳಿತು. ಇಂಜಿನಿಯರಮ್ಮನ ಮುಖ ಅರಳತೊಡಗಿತ್ತು. ಅಷ್ಟರಲ್ಲಿ ಮತ್ತೆ ಚಿಮಣಿ. ಅರಳಿದ್ದು ಮುದುಡಿತು. ಅವನಿಗೆ ಅದನ್ನು ನೋಡಲಾಗಲಿಲ್ಲ.

ಮಧ್ಯಾಹ್ನ ಮ್ಯಾನೇಜರು ಬಂದರು. "ಇವರು ಇಕ್ಕಳಣ್ಣ. ಇವರ ಕೈಯಲ್ಲೇ ಓಡದಿದ್ದ ಮೇಲೆ ಇದು ಓಡೋ ತೋಟಾ ಅಲ್ಲ" ಎಂದು ಇಂಜಿನಿಯರಮ್ಮನಿಗೆ ಹೇಳಿದರು. ಹೊಗಳಿಕೆ ಇಕ್ಕಳಣ್ಣನ ಮಣಿಕಟ್ಟನ್ನೇ ಹಿಂಡಿದ ಹಾಗಾಯಿತು. "ಕಾವಲು ಸಂಸ್ಥೆಯವರಿಗೆ ಫೋನ್ ಮಾಡಿ ಬರೋದು ಬೇಡ ಅಂತ ಹೇಳ್ತೀನಿ. ಗುಂಡಿನ ತೂಕ ಹೆಚ್ಚಿಸಿ, ಹಳೇದರ ಹತ್ತಿರಕ್ಕೆ ತನ್ನಿ."

"ಹಳೇದರ ಹತ್ತಿರಕ್ಕೆ ತಂದ್ರೆ ಹಳೇದೇ ಆಗುತ್ತೆ ಸಾರ್. ಇಷ್ಟು ದಿನ ಮಾಡಿದ್ದು ಯಾಕೆ?"

"ಅದು ನನಗೂ ಅರ್ಥವಾಗಿಲ್ಲ" ಎಂದರು ಮ್ಯಾನೇಜರು, ಬೇಸರವಿಲ್ಲದೆ.

ಅವಳು ವಾದಿಸಲಿಲ್ಲ. ನಾಳೆವರೆಗೆ ಸಮಯ ಕೊಡಿ, ನಿಧಾನಗತಿಯ ಕ್ಯಾಮರಾ ಇಟ್ಟು ಸ್ಲೈಡ್ ಎಲ್ಲಿ ನಿಲ್ಲುತ್ತದೆ ನೋಡುತ್ತೇನೆ ಎಂದು ಮಾತ್ರ ಕೇಳಿದಳು. ಮ್ಯಾನೇಜರು ಒಪ್ಪಿ ಹೋದರು.

ಕ್ಯಾಮರಾ ಎಂದ ಕೂಡಲೇ ಇಕ್ಕಳಣ್ಣ ಅಂಗಿಯ ತೋಳನ್ನು ಇನ್ನಷ್ಟು ಕೆಳಗೆ ಎಳೆದುಕೊಂಡ. ನಾಳೆ ಪರದೆಯ ಮೇಲೆ ಅವನ ಮಣಿಕಟ್ಟು ಬಾಳೆಲೆಯಷ್ಟು ದೊಡ್ಡದಾಗಿ ಬಾಗುತ್ತದೆ. ಹೇಗಿದ್ದರೂ ಗೊತ್ತಾಗುವುದೇ ಎಂದಾದ ಮೇಲೆ ಹೇಳುವುದು ದೊಡ್ಡ ಗುಣವೇನಲ್ಲ ಎಂದು ಅವನಿಗೂ ತಿಳಿದಿತ್ತು. ಆದರೂ ಕ್ಯಾಮರಾ ಹೇಳುವ ಮುಂಚೆ ತಾನು ಹೇಳಬೇಕು ಎನಿಸಿತು. ಜಾಲರಿಯ ಬಳಿ ಹೋಗಿ ಎಣ್ಣೆಗೆ ಮೊದಲು ತೋರಿಸಿದ. ಎಣ್ಣೆ ಪಟ್ಟಿ ಬಿಚ್ಚಿ, ನೀಲಿಗಟ್ಟಿದ ಊತವನ್ನು ಹಿಂದೆಮುಂದೆ ತಿರುಗಿಸಿ ನೋಡಿದ, ಬಿಡಿಭಾಗ ನೋಡುವ ಹಾಗೆ.

"ಹೇಗಾಯ್ತು?"

"ಜಾಮ್ ಬಾಟಲಿ."

"ಬಾಟಲಿ ಜಾಮಿಂದ ಪಿಸ್ತೂಲು ಜಾಮು." ಎಣ್ಣೆ ನಗಲಿಲ್ಲ. "ಎರಡು ದಿನದಿಂದ ನಾನು ಮೂರು ಪಿಸ್ತೂಲನ್ನ ಬಿಚ್ಚಿ ಜೋಡಿಸಿ, ಬಿಚ್ಚಿ ಜೋಡಿಸಿ... ನಿನಗೆ ಮನಸ್ಸು ಹೇಗೆ ಬಂತೋ?"

"ಕರಾರು ಕಣೋ."

"ನನಗೂ ಕರಾರೇ ಅಲ್ವಾ?"

ಎಣ್ಣೆ ಪಟ್ಟಿಯನ್ನು ಮತ್ತೆ ಸುತ್ತಿದ. ಇಕ್ಕಳಣ್ಣ ತಾನೇ ಸುತ್ತಿಕೊಂಡದ್ದಕ್ಕಿಂತ ಅದು ಅಚ್ಚುಕಟ್ಟಾಗಿತ್ತು. "ಹೋಗು, ಹೇಳು. ಆ ಹುಡುಗಿ ಅಲ್ಲಿ ಒಬ್ಬಳೇ ತೋಟಾ ಬಿಚ್ಚುತಾ ಕೂತಿದಾಳೆ."

ಅವಳು ನಿಜವಾಗಿಯೂ ಬಿಚ್ಚುತ್ತಾ ಕೂತಿದ್ದಳು. ಮುಂದೆ ಬಿಳಿ ಕಾಗದದ ಮೇಲೆ ತಾಮ್ರದ ಗುಂಡುಗಳ ಸಾಲು.

"ಮೇಡಂ, ಗುಂಡಿಗೆ ಏನೂ ಆಗಿಲ್ಲ" ಎಂದ ಇಕ್ಕಳಣ್ಣ. "ಗುಂಡಿಗೆ ಇಲ್ಲದೇ ಹೋದದ್ದು ನನಗೆ." ತೋಳು ಮಡಚಿ ಮಣಿಕಟ್ಟನ್ನು ಕಾಗದದ ಪಕ್ಕ ಇಟ್ಟ.

ಅವಳು ಬಾಗಿ, ಪಟ್ಟಿಯ ಅಂಚು ಸರಿಸಿ ಊತವನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡಿದ್ದ; ಇಲ್ಲವೇ ಸಂತೋಷಪಡುತ್ತಾಳೆ, ಗುಂಡು ಉಳಿಯಿತು ಎಂದು. ಎರಡೂ ಆಗಲಿಲ್ಲ.

"ಯಾವಾಗಿಂದ?"

"ಭಾನುವಾರದಿಂದ."

"ನೋವಿರೋ ಕೈಯಲ್ಲಿ ಪಿಸ್ತೂಲು ಹಿಡಿದ್ರಾ? ಈ ಕೋಣೆಯಲ್ಲಿ? ಜಾರಿದ್ದಿದ್ರೆ?"

"ತಪ್ಪಾಯ್ತು."

"ತಪ್ಪೇ. ಮ್ಯಾನೇಜರಿಗೆ ನಾನು ಹೇಳಲೇಬೇಕು." ಅವಳು ಪೆನ್ಸಿಲು ಎತ್ತಿಕೊಂಡು ಸುಮ್ಮನೆ ತಿರುಗಿಸಿದಳು. "ಒಂದು ಕೇಳ್ತೀನಿ. ನಿಮ್ಮ ಕೈ ಚೆನ್ನಾಗಿದ್ದಾಗ ಈ ತೋಟಾ ಪಾಸಾಯ್ತು. ಅಂಥ ಕೈ ಇರೋ ಕಾವಲುಗಾರರು ಎಷ್ಟು ಜನ ಇರ್ತಾರೆ?"

ಇಕ್ಕಳಣ್ಣ ಯೋಚಿಸಿದ. ತನ್ನ ಬ್ಯಾಂಕಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂರುವ ವಯಸ್ಸಾದವನನ್ನು ನೆನೆಸಿಕೊಂಡ. ಚೆಕ್‌ಪುಸ್ತಕ ಕೆಳಗೆ ಬಿದ್ದರೆ ಎತ್ತಲು ಎರಡು ಕೈ ಉಪಯೋಗಿಸುತ್ತಿದ್ದ ಮನುಷ್ಯ.

"ಯಾರೂ ಇರಲ್ಲ" ಎಂದ.

"ಹಾಗಾದ್ರೆ ಮೊದಲು ಮಾಡಿದ್ದು ಪರೀಕ್ಷೆನೇ ಅಲ್ಲ. ಈಗ ಮಾಡಿದ್ದು ಪರೀಕ್ಷೆ." ಅವಳ ದನಿಯಲ್ಲಿ ಸಿಟ್ಟಿತ್ತು, ಆದರೆ ಸಿಟ್ಟು ಅವನ ಮೇಲಿರಲಿಲ್ಲ. "ನಾನೇ ಕಣ್ಣು ಮುಚ್ಚಿಕೊಂಡಿದ್ದೆ. ನಾಳೆ ಕ್ಯಾಮರಾ ಇರಲಿ. ನೀವು ಹೊಡೆಯೋದು ಬೇಡ."

ಗುರುವಾರ ಬೆಂಚಿನ ಮುಂದೆ ಮೊದಲು ನಿಂತವರು ಸ್ವತಃ ಮ್ಯಾನೇಜರು. ಇಕ್ಕಳಣ್ಣನ ಸಂಗತಿ ಕೇಳಿ ಅವರು ಕೆರಳಿದ್ದರು. ಒಂದು ಎಚ್ಚರಿಕೆ ಪತ್ರವನ್ನು ಆಗಲೇ ಟೈಪು ಮಾಡಿಸಿದ್ದರು. "ಊದಿದ ಕೈಯಲ್ಲಿ ಚಿಮಣಿ ಬಂದ್ರೆ ಅದು ಕೈಯ ಚಿಮಣಿ. ಗುಂಡಿಗೆ ಸಂಬಂಧ ಇಲ್ಲ. ಕೊಡಿ ಇಲ್ಲಿ" ಎಂದು ಪಿಸ್ತೂಲು ತೆಗೆದುಕೊಂಡರು. ಅವರು ಅದನ್ನು ಹಿಡಿದ ರೀತಿ, ಯಾರದೋ ಮಗುವನ್ನು ಒಂದು ನಿಮಿಷ ಎತ್ತಿಕೊಳ್ಳಿ ಎಂದು ಕೊಟ್ಟಾಗ ಹಿಡಿಯುವ ರೀತಿ. ಇಕ್ಕಳಣ್ಣನ ಬಾಯಿಗೆ "ಬಿಗಿಯಾಗಿ" ಎಂಬ ಮಾತು ಬಂತು. ಇಂಜಿನಿಯರಮ್ಮ ಬೆರಳೆತ್ತಿ ತಡೆದಳು.

ಮೂರನೆಯ ಗುಂಡಿಗೆ ಚಿಮಣಿ ಎದ್ದಿತು.

"ಸಾರ್, ನಿಮ್ಮ ಕೈಗೆ ಏನಾಗಿದೆ?" ಎಂದ ಎಣ್ಣೆ, ಅತ್ಯಂತ ವಿನಯದಿಂದ.

ಎಣ್ಣೆಯ ಕೈಯಲ್ಲಿ ಸರಿಯಾಗಿ ಓಡಿತು. ಲೆಕ್ಕದ ವಿಭಾಗದವನ ಕೈಯಲ್ಲಿ ಚಿಮಣಿ. ಇಂಜಿನಿಯರಮ್ಮ ಎರಡು ಕೈಯಲ್ಲಿ ಹೊಡೆದಾಗ ಸರಿ, ಒಂದೇ ಕೈಯಲ್ಲಿ ಹೊಡೆದಾಗ ಚಿಮಣಿ. ಕ್ಯಾಮರಾದ ಪರದೆಯಲ್ಲಿ ಎಲ್ಲರ ಮಣಿಕಟ್ಟೂ ಒಂದೊಂದು ರೀತಿ ಬಾಗುತ್ತಿತ್ತು. ಮ್ಯಾನೇಜರು ತಮ್ಮದನ್ನು ಎರಡು ಸಲ ನೋಡಿದರು.

"ಆ ಯಂತ್ರ ತರಿಸಿದ್ದಿದ್ರೆ ಇಷ್ಟೆಲ್ಲ ರಾಮಾಯಣ ಆಗ್ತಿರಲಿಲ್ಲ" ಎಂದರು ಕೊನೆಗೆ.

"ಯಂತ್ರ ಇಕ್ಕಳಣ್ಣನಿಗಿಂತ ಬಿಗಿ ಹಿಡಿಯುತ್ತೆ ಸಾರ್" ಎಂದಳು ಇಂಜಿನಿಯರಮ್ಮ. "ಅದಿದ್ದಿದ್ರೆ ಈ ತೋಟಾ ಇಷ್ಟೊತ್ತಿಗೆ ಲಾರಿ ಹತ್ತಿ ಹೋಗಿರ್ತಿತ್ತು. ಯಾವುದೋ ಬ್ಯಾಂಕಿನ ಬಾಗಿಲಲ್ಲಿ, ಬೇಕಾದ ಹೊತ್ತಲ್ಲಿ, ಯಾರದೋ ಕೈಯಲ್ಲಿ ಚಿಮಣಿ ನಿಲ್ತಿತ್ತು."

ಮ್ಯಾನೇಜರು ಹೊರಗೆ ಹೋದರು. ಕಾವಲು ಸಂಸ್ಥೆಯವರಿಗೆ ಮುಂದಿನ ತಿಂಗಳು ಬನ್ನಿ ಎಂದು ಫೋನ್ ಮಾಡಿದರು. ಇಂಜಿನಿಯರಮ್ಮ ಗುಂಡಿನ ತೂಕ ಮುಟ್ಟಲಿಲ್ಲ. ಹಿಂದಿನ ಮದ್ದು ಭುಗ್ಗೆಂದು ಉರಿದು ಮುಗಿಯುತ್ತಿತ್ತು. ಅದರ ಬದಲು ಸ್ವಲ್ಪ ನಿಧಾನವಾಗಿ ಉರಿಯುವುದನ್ನು ಹುಡುಕಿ, ಒದೆತ ಹೆಚ್ಚಾಗದಂತೆ, ಸ್ಲೈಡಿಗೆ ಬೇಕಾದಷ್ಟೇ ತಳ್ಳು ಸಿಗುವಂತೆ ಅಳತೆ ಮಾಡಿದಳು. ಆ ದಿನಗಳಲ್ಲಿ ಗುಂಡಿಗೂ ಮದ್ದು ನಡೆಯುತ್ತಿತ್ತು, ಮಣಿಕಟ್ಟಿಗೂ ಮದ್ದು ನಡೆಯುತ್ತಿತ್ತು. ಡಾಕ್ಟರು ಕೈಯನ್ನು ಕೊರಳಿಗೆ ತೂಗುಹಾಕಿ ಕಳಿಸಿದ್ದರು. ಅನ್ನ ಕಲಸಿಕೊಡುವಾಗ ಹೆಂಡತಿ, "ಈಗ ಮೊದಲ ಹೆಂಡತಿನ ಕರೀರಿ, ಕಲಸಿ ಕೊಡ್ತಾಳೆ" ಎನ್ನುತ್ತಿದ್ದಳು. ಕಲಸುವುದನ್ನಂತೂ ನಿಲ್ಲಿಸಲಿಲ್ಲ.

ಕೊರಳಿನ ತೂಗುಪಟ್ಟಿ ಬಿಚ್ಚಿದ ದಿನ ಮ್ಯಾನೇಜರು ಅವನನ್ನು ಕರೆದು ಕೂರಿಸಿದರು. ಎಚ್ಚರಿಕೆ ಪತ್ರಕ್ಕೆ ಸಹಿ ಮಾಡಿಸಿಕೊಂಡರು. ಆಮೇಲೆ, "ಯಂತ್ರ ತರಿಸೋಲ್ಲ. ಹಾಗಂತ ಇನ್ಮೇಲೆ ನಿಮ್ಮ ಒಂದೇ ಕೈಯಲ್ಲಿ ಪಾಸೂ ಮಾಡೋಲ್ಲ. ಬೇರೆ ಬೇರೆ ಕೈಯವರು ಬಂದು ಹೊಡೀತಾರೆ: ವಯಸ್ಸಾದವರು, ಸಣ್ಣ ಕೈಯವರು, ಎಡಗೈಯವರು. ನೀವು ಪಕ್ಕದಲ್ಲಿ ನಿಂತು ಅವರನ್ನ ನೋಡ್ಕೊಳ್ಳಿ. ಏನಂತೀರಿ?" ಎಂದರು.

"ನಾನು ಹೊಡೆಯೋದು?"

"ಅದು ಬೇಕಾದಾಗ. ಬಿಗಿ ಕೈಯದ್ದೂ ಒಂದು ಲೆಕ್ಕ ಬೇಕಲ್ಲ."

ಬಿಗಿ ಕೈಯದ್ದೂ ಒಂದು. ಇಕ್ಕಳಣ್ಣ ಆ 'ಒಂದು' ಎಂಬುದನ್ನು ಬಾಯಲ್ಲಿಟ್ಟುಕೊಂಡು ಚಪ್ಪರಿಸಿ ನೋಡಿದ. ಕರಾರು ಉಳಿದಿತ್ತು, ಬೆಂಚು ಉಳಿದಿರಲಿಲ್ಲ. ಆಗಲಿ ಎಂದ.

ಹೊಸ ಕೆಲಸ ಹಳೆಯದಕ್ಕಿಂತ ಕಷ್ಟವಾಗಿತ್ತು. ಪಿಸ್ತೂಲನ್ನು ಅಪಾಯವಿಲ್ಲದೆ ಹಿಡಿಯುವುದು, ಬೆರಳು ಎಲ್ಲಿಡುವುದು, ನಳಿಕೆ ಎಲ್ಲಿ ತೋರಿಸುವುದು, ಇದೆಲ್ಲ ಹೇಳಿಕೊಡಬೇಕು. ಬಿಗಿಯಾಗಿ ಹಿಡಿಯಿರಿ ಎಂದು ಮಾತ್ರ ಹೇಳಬಾರದು. ಹೇಳಿದರೆ ಅವರು ಬಿಗಿಯಾಗಿ ಹಿಡಿಯುತ್ತಾರೆ, ಪರೀಕ್ಷೆ ಕೆಡುತ್ತದೆ. ಜೀವಮಾನವೆಲ್ಲ ಒಂದೇ ಪಾಠ ಹೇಳಿದವನಿಗೆ ಅದೊಂದನ್ನು ಬಿಟ್ಟು ಉಳಿದದ್ದು ಹೇಳು ಎಂದ ಹಾಗೆ. ಮೊದಲ ದಿನ ಎರಡು ಸಲ ನಾಲಿಗೆ ಜಾರಿತು. ಎರಡು ಸಲವೂ ಇಂಜಿನಿಯರಮ್ಮ ಆ ಮ್ಯಾಗಝಿನನ್ನು ಲೆಕ್ಕದಿಂದ ತೆಗೆದು ಮತ್ತೆ ಹೊಡೆಸಿದಳು. "ಇಕ್ಕಳಣ್ಣ, ಬಾಯಿಗೂ ಒಂದು ಇಕ್ಕಳ ಹಾಕಿಕೊಳ್ಳಿ" ಎಂದಳು.

ಕಾವಲು ಸಂಸ್ಥೆಯವರು ಬಂದ ದಿನ ಅವರ ಜೊತೆ ಒಬ್ಬ ಕಾವಲುಗಾರ್ತಿಯೂ ಬಂದಿದ್ದಳು. ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲುವವಳಂತೆ. ಸಣ್ಣ ಆಳು, ಪಾಳಿ ಮುಗಿಸಿ ನೇರ ಬಂದಿದ್ದಳು, ಕಣ್ಣಲ್ಲಿ ನಿದ್ದೆ ಇತ್ತು. ಅವಳ ಮೇಲಿನವರು, ಇಂಜಿನಿಯರಮ್ಮ, ಮ್ಯಾನೇಜರು ಗಾಜಿನ ಆಚೆ ನಿಂತರು. ಎಣ್ಣೆ ಪಿಸ್ತೂಲು ತಂದು ಬೆಂಚಿನ ಮೇಲಿಟ್ಟು ಜಾಲರಿಗೆ ವಾಪಸಾದ. ಅವಳು ಪಿಸ್ತೂಲು ಎತ್ತಿ, ಒಂದೇ ಕೈ ಚಾಚಿದಳು. ಮಣಿಕಟ್ಟು ಆಗಲೇ ಒಂದಿಷ್ಟು ಬಾಗಿತ್ತು.

"ಸರ್, ಹಿಡಿದಿದ್ದು ಸರಿ ಇದೆಯಾ?"

ಸರಿ ಇರಲಿಲ್ಲ. ಇಕ್ಕಳಣ್ಣ ಆ ಮಣಿಕಟ್ಟನ್ನು ನೋಡಿದ, ಬೆರಳು ಕುದುರೆಯ ಹೊರಗಿದೆಯೇ ನೋಡಿದ, ನಳಿಕೆ ಗುರಿಯ ಕಡೆಗಿದೆಯೇ ನೋಡಿದ.

"ಕೆಲಸದಲ್ಲಿದ್ದಾಗ ಹೇಗೆ ಹಿಡೀತೀರಿ?"

"ಹೀಗೇ. ಇನ್ನೊಂದು ಕೈಯಲ್ಲಿ ವಾಕಿಟಾಕಿ ಇರುತ್ತೆ."

"ಹಾಗೇ ಹಿಡೀರಿ ತಾಯಿ. 'ಹೊಡಿ' ಅಂದಾಗ ಹೊಡೀರಿ."

ಅವಳು ಹೊಡೆದಳು. ಮೊದಲ ಕೇಸು ಹಾರಿ ರಬ್ಬರಿನ ಗೋಡೆಗೆ ತಾಕಿ ಕೆಳಗೆ ಬಿತ್ತು. ನಳಿಕೆ ಎದ್ದು ಎಡಕ್ಕೆ ಹೊರಳಿತು, ಮಣಿಕಟ್ಟು ಬಾಗಿತು, ಎರಡನೆಯ ಕೇಸೂ ಹಾರಿತು. ಮೂರನೆಯದೂ. ಇಕ್ಕಳಣ್ಣ ಒಂದೊಂದನ್ನೂ ಕಣ್ಣಲ್ಲೇ ನೆಲದವರೆಗೆ ಕಳಿಸಿಕೊಡುತ್ತಿದ್ದ. ಕೊನೆಯದು ಬಿದ್ದು, ಖಾಲಿಯಾದ ಪಿಸ್ತೂಲಿನ ಸ್ಲೈಡ್ ಹಿಂದೆ ಹೋಗಿ ನಿಂತಿತು. ಚಿಮಣಿ ಇರಲಿಲ್ಲ.

"ಗುರಿಗೆ ಬೀಳಲಿಲ್ಲ ಅನ್ಸುತ್ತೆ" ಎಂದಳು ಅವಳು, ಸಂಕೋಚದಿಂದ.

"ಬಿಡಿ, ಗುರಿ ಮಧ್ಯಾಹ್ನ ಹೇಳಿಕೊಡ್ತೀನಿ. ಅದಕ್ಕೆ ಅಡ್ಡಿ ಇಲ್ಲ."

ಅವನು ಬೆಂಚಿನ ಮೇಲಿಂದ ಪಿಸ್ತೂಲು ತೆಗೆದು, ಒಳಗೆ ಬೆರಳಾಡಿಸಿ ಖಾಲಿಯೆಂದು ಖಾತ್ರಿಮಾಡಿಕೊಂಡು ಎಣ್ಣೆಗೆ ಕೊಟ್ಟ. ಗಾಜಿನ ಕಡೆ ತಿರುಗಿ ಇನ್ನೊಬ್ಬರನ್ನು ಕಳಿಸಿ ಎಂದು ಸನ್ನೆ ಮಾಡಿ, ಬರುವವರಿಗೆ ಜಾಗವಾಗಲೆಂದು ಪಕ್ಕಕ್ಕೆ ಸರಿದು ನಿಂತ.